ಹೂದೋಟ ನೋಡಿದಿರಿ, ಬೆನ್ನು ನೋಡಿದಿರಾ?

ಪುಣೆಯಲ್ಲಿ ವಯಸ್ಸಾದ ತಂದೆತಾಯಿಗೆ ಆರೈಕೆ ಕೇಂದ್ರ ಹುಡುಕುವವರಿಗೆ ವಿಳಾಸಗಳ ಬರವಿಲ್ಲ. ಪಿಂಚಣಿದಾರರ ಸ್ವರ್ಗವೆಂದು ಹಿಂದಿನಿಂದಲೂ ಹೆಸರಾದ ಊರು ಇದು. ನವೀ ಪೇಠೆಯ ‘ನಿವಾರಾ’ ವೃದ್ಧಾಶ್ರಮ 1863ರಲ್ಲಿ ಡೇವಿಡ್ ಸಸೂನ್ ಹೆಸರಿನಲ್ಲಿ ಅಶಕ್ತರ ಆಸರೆಯಾಗಿ ಶುರುವಾದದ್ದು. ಇತ್ತೀಚಿನ ತುದಿಗೆ ಬಂದರೆ, ಪರಾಂಜಪೆ ಬಿಲ್ಡರುಗಳ ‘ಅಥಶ್ರೀ’ಯಂಥ, ಹಿರಿಯರಿಗೆಂದೇ ಕಟ್ಟಿದ ಫ್ಲಾಟುಗಳ ಸಮುಚ್ಚಯಗಳಿವೆ. ಇವೆರಡರ ನಡುವೆ ಕೋಥ್ರೂಡ್, ವಾರ್ಜೆ, ಧಾಯರಿ, ಸಿಂಹಗಡ ರಸ್ತೆಯ ಉದ್ದಕ್ಕೂ ಯಾರದೋ ಬಂಗಲೆಯನ್ನು ಬಾಡಿಗೆಗೆ ಹಿಡಿದು, ಹಾಲ್‌ನಲ್ಲಿ ಆರು ಮಂಚ, ಒಳಕೋಣೆಗಳಲ್ಲಿ ಮೂರು ಮೂರು ಮಂಚ ಹಾಕಿ ನಡೆಸುವ ಕೇಂದ್ರಗಳಿವೆ. ಎದ್ದು ಓಡಾಡುವ ಹಿರಿಯರ ಸಮಸ್ಯೆ ಬೇರೆ. ಅದನ್ನು ಇಲ್ಲಿ ಬಿಡುತ್ತೇನೆ. ನನಗೆ ಮುಖ್ಯವಾದದ್ದು ಮಂಚ ಹಿಡಿದವರು, ಮರೆವಿಗೆ ಸಿಕ್ಕವರು, ಪಾರ್ಶ್ವವಾಯು ಹೊಡೆದು ಆಸ್ಪತ್ರೆಯಿಂದ ನೇರವಾಗಿ ಇಲ್ಲಿಗೆ ಬಂದವರು. ಇಂಥವರ ಆರೈಕೆ ಚೆನ್ನಾಗಿದೆಯೋ ಇಲ್ಲವೋ ಎಂದು ನಾವು ಹೇಗೆ ತೀರ್ಮಾನಿಸುತ್ತೇವೆ?

ನೋಡಲು ಬರುವ ಮಕ್ಕಳು ಸಾಮಾನ್ಯವಾಗಿ ಭಾನುವಾರ ಹನ್ನೊಂದರ ಸುಮಾರಿಗೆ ಬರುತ್ತಾರೆ. ಗೇಟಿನ ಬಳಿ ಗಣಪತಿ, ಕುಂಡಗಳಲ್ಲಿ ಹೂ, ಫಿನಾಯಿಲ್ ವಾಸನೆ ಅಷ್ಟಾಗಿ ಇಲ್ಲ. ಮ್ಯಾನೇಜರ್ ನಗುನಗುತ್ತಾ ಕೋಣೆ ತೋರಿಸುತ್ತಾರೆ, ಸಂಜೆ ಭಜನೆಯಿದೆ ಎನ್ನುತ್ತಾರೆ, ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸಿದ ಫೋಟೋ ತೋರಿಸುತ್ತಾರೆ. ಡಾಕ್ಟರ್ ವಾರಕ್ಕೊಮ್ಮೆ ಬರುತ್ತಾರೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಾ ಫೋಟೋ ಬರುತ್ತದೆ. ಮಗ ಹಿಂಜವಡಿಯಲ್ಲೋ ನ್ಯೂಜೆರ್ಸಿಯಲ್ಲೋ ಇರುವವನು. ಫೋಟೋ ಎಂದೊಡನೆ ಅರ್ಧ ಸಮಾಧಾನವಾಗುತ್ತದೆ. ಡಿಪಾಸಿಟ್ ಕಟ್ಟುತ್ತಾನೆ. ಆಮೇಲೆ ಗೂಗಲ್‌ನಲ್ಲಿ ಐದು ನಕ್ಷತ್ರ ಕೊಡುವವನೂ ಅವನೇ. ಮಂಚದ ಮೇಲಿರುವವರು ನಕ್ಷತ್ರ ಕೊಟ್ಟದ್ದನ್ನು ನಾನಂತೂ ನೋಡಿಲ್ಲ. ನನ್ನ ತಕರಾರು ಇಷ್ಟೇ: ನಮ್ಮ ಈ ಪರೀಕ್ಷೆ ಹಣ ಕೊಡುವವನ ನೆಮ್ಮದಿಯನ್ನು ಅಳೆಯುತ್ತದೆ, ಮಲಗಿರುವವರ ಸ್ಥಿತಿಯನ್ನಲ್ಲ. ಕೇಂದ್ರಗಳೂ ಪರೀಕ್ಷೆಗೆ ತಕ್ಕಂತೆ ಓದಿಕೊಂಡಿವೆ.

ಮಲಗಿರುವವರ ಸ್ಥಿತಿ ತಿಳಿಯಬೇಕಾದರೆ ಬೆನ್ನು ನೋಡಬೇಕು. ಸೊಂಟದ ಕೆಳಗಿನ ತ್ರಿಕಾಸ್ಥಿ, ಪೃಷ್ಠದ ಎರಡು ಬದಿ, ಹಿಮ್ಮಡಿ. ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಒತ್ತಿಹೋಗಿ ರಕ್ತ ಹರಿಯದೆ ಮೊದಲು ಕೆಂಪಾಗುತ್ತದೆ. ಬೆರಳಿನಿಂದ ಒತ್ತಿದರೂ ಆ ಕೆಂಪು ಮಾಸುವುದಿಲ್ಲ. ಅದು ಮೊದಲ ಹಂತ. ನಾಲ್ಕನೆಯ ಹಂತದಲ್ಲಿ ಹುಣ್ಣು ಮೂಳೆ ಮುಟ್ಟುತ್ತದೆ. ಮೊದಲ ಹಂತದಲ್ಲಿ ಹಿಡಿದರೆ ಹೊರಳಿಸಿ, ಒಣಗಿಸಿ, ಊಟದಲ್ಲಿ ಪ್ರೋಟೀನ್ ಹೆಚ್ಚಿಸಿ ಉಳಿಸಿಕೊಳ್ಳಬಹುದು. ಯಾರಿಗೆ ಹುಣ್ಣಾಗುವ ಅಪಾಯ ಹೆಚ್ಚು ಎಂದು ಮೊದಲೇ ಅಂದಾಜಿಸಲು ಬ್ರೇಡನ್ ಮಾಪಕವಿದೆ, 6ರಿಂದ 23ರ ತನಕ ಅಂಕ, ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಒಂದೇ ಪುಟದ ಫಾರಂ ಅದು. ಕೇಂದ್ರದ ಕಡತದಲ್ಲಿ ಅದಿದೆಯೇ ಎಂದು ಕೇಳಿ ನೋಡಿ.

ಹುಣ್ಣು ಕಂಡೊಡನೆ ಕೇಂದ್ರವನ್ನು ದೂರುವುದೂ ಸರಿಯಲ್ಲ. ಎಷ್ಟೋ ಮಂದಿ ಐಸಿಯುನಿಂದ ಹುಣ್ಣು ಹೊತ್ತುಕೊಂಡೇ ಬರುತ್ತಾರೆ. ಕೊನೆಯ ದಿನಗಳಲ್ಲಿ ಎಷ್ಟು ಜತನ ಮಾಡಿದರೂ ಚರ್ಮ ಕೈಕೊಡುವುದುಂಟು. ಬಂದ ದಿನವೇ ಮೈ ಪೂರ್ತಿ ನೋಡಿ ಬರೆದಿಟ್ಟ ಕೇಂದ್ರಕ್ಕೆ ಇದು ಹೊರಗಿನಿಂದ ಬಂದದ್ದು, ಇದು ಇಲ್ಲಿ ಆದದ್ದು ಎಂದು ಹೇಳುವ ಧೈರ್ಯವಿರುತ್ತದೆ. ಬರೆಯದವರು ಎಲ್ಲವನ್ನೂ ಆಸ್ಪತ್ರೆಯ ತಲೆಗೆ ಕಟ್ಟುತ್ತಾರೆ.

ಈಗ ಒಂದು ಲೆಕ್ಕ. ಮಂಚ ಹಿಡಿದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು ಎನ್ನುವುದು ನರ್ಸಿಂಗ್‌ನ ರೂಢಿ. ಅಂಥವರು 8 ಮಂದಿ ಇದ್ದರೆ ದಿನಕ್ಕೆ 96 ಸಲ. ಒಂದು ಸಲಕ್ಕೆ ಇಬ್ಬರು ಬೇಕು; ದಿಂಬು ಸರಿಪಡಿಸಿ, ಒದ್ದೆ ನೋಡಿ, ಹಾಸಿಗೆಯ ಸುಕ್ಕು ಬಿಡಿಸಲು 5 ನಿಮಿಷವಾದರೂ ಹಿಡಿಯುತ್ತದೆ. ಕೂಡಿದರೆ ದಿನಕ್ಕೆ 16 ಗಂಟೆಯ ದುಡಿಮೆ, ಬರೀ ಹೊರಳಿಸುವುದಕ್ಕೆ. ಒಳ್ಳೆಯ ಏರ್‌ಬೆಡ್ ಇದ್ದರೆ ಡಾಕ್ಟರು ಅಂತರವನ್ನು ಹಿಗ್ಗಿಸಬಹುದು, ಹೊರಳಿಸುವುದು ಅರ್ಧಕ್ಕೆ ಇಳಿದರೂ 8 ಗಂಟೆ. ಇನ್ನು ತುತ್ತು ಉಣಿಸುವುದು: ನುಂಗಲು ಕಷ್ಟಪಡುವವರಿಗೆ ಅವಸರ ಮಾಡಿದರೆ ಅನ್ನ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಅರ್ಧ ಗಂಟೆ ಕೂರಲೇಬೇಕು. ಇದರ ಮೇಲೆ ಡಯಾಪರ್, ಸ್ಪಾಂಜ್, ಮೂಗಿನ ನಳಿಕೆ, ಬಟ್ಟೆ. ಆರೈಕೆಯ ಕೆಲಸದ ಹೆಂಗಸರನ್ನು ಇಲ್ಲಿ ಮಾವಶಿ ಎನ್ನುತ್ತಾರೆ. ‘ಹಗಲಿಗೆ ಇಬ್ಬರು ಮಾವಶಿ, ರಾತ್ರಿಗೆ ಒಬ್ಬರು’ ಎಂದು ಮ್ಯಾನೇಜರ್ ಹೇಳಿದಾಗ ಈ ಲೆಕ್ಕವನ್ನು ಮನಸ್ಸಿನಲ್ಲೇ ಹಾಕಿ. ರಾತ್ರಿ ಒಬ್ಬರೇ ಇದ್ದರೆ, ಇಬ್ಬರು ಬೇಕಾದ ಕೆಲಸ ಹೇಗೆ ನಡೆಯಿತು?

ಚಾರ್ಟಿನಲ್ಲಿ ಮಾತ್ರ ನಡೆದಿರುತ್ತದೆ. ಪರಿಚಿತರೊಬ್ಬರ ತಾಯಿಯ ಮಂಚದ ಬುಡಕ್ಕೆ ಕಟ್ಟಿದ್ದ ಅಂಥದೊಂದು ಚಾರ್ಟನ್ನು ನಾನು ಹತ್ತಿರದಿಂದ ನೋಡಿದೆ. ರಾತ್ರಿ 10, 12, 2, 4, 6: ಎಡ, ಬಲ, ಅಂಗಾತ, ಎಡ, ಬಲ. ಒಂದೇ ಪೆನ್ನು, ಒಂದೇ ಕೈ, ಒಂದೇ ಓಟದ ಅಕ್ಷರ. ಸಾಲು ಗೆರೆ ಎಳೆದಷ್ಟು ನೆಟ್ಟಗಿತ್ತು. ನಡುರಾತ್ರಿ ಎದ್ದು ಬಂದು ಬರೆದವರ ಬರಹ ಅಷ್ಟು ಅಂದವಾಗಿರುವುದಿಲ್ಲ. ಪಕ್ಕದ ಸ್ಟೂಲಿನ ಮೇಲೆ ನೀರಿನ ಲೋಟ, ಕೈ ಚಾಚಿದರೂ ಸಿಗದಷ್ಟು ದೂರ. ಕರೆಗಂಟೆಯ ಸ್ವಿಚ್ಚನ್ನು ತಂತಿ ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿದ್ದರು. ಕಾಲಿನ ಉಗುರು ಬೆಳೆದು ಬಾಗಿತ್ತು. ಅಂದಿನ ಫೋಟೋದಲ್ಲಿ ಆ ತಾಯಿ ಹಣೆಗೆ ಕುಂಕುಮ ಇಟ್ಟುಕೊಂಡು ಚೆನ್ನಾಗಿಯೇ ಕಂಡಿದ್ದರು, ಫೋಟೋ ಎದೆಯವರೆಗಷ್ಟೇ.

ಕಾಗದವನ್ನು ನಂಬಿ ಅಂಕ ಕೊಡುವ ಕಷ್ಟ ನಮ್ಮದು ಮಾತ್ರವಲ್ಲ. ವೈದ್ಯ ಅವೆಡಿಸ್ ಡೊನಬೀಡಿಯನ್ 1966ರಲ್ಲೇ ಆರೈಕೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕು ಎಂದಿದ್ದರು: ಏನೇನಿದೆ, ಏನು ಮಾಡುತ್ತಾರೆ, ಕೊನೆಗೆ ಏನಾಯಿತು. ಅಮೆರಿಕದ ಮೆಡಿಕೇರ್ ಇಲಾಖೆ 2008ರಿಂದ ನರ್ಸಿಂಗ್ ಹೋಮುಗಳಿಗೆ ಒಂದರಿಂದ ಐದು ನಕ್ಷತ್ರ ಕೊಡುತ್ತಿದೆ; ತಪಾಸಣೆ, ಸಿಬ್ಬಂದಿ, ಹುಣ್ಣು–ಬೀಳುವಿಕೆಯಂಥ ಫಲಿತಾಂಶಗಳು ಅದರ ಆಧಾರ. ಸಿಬ್ಬಂದಿ ಎಷ್ಟಿದ್ದಾರೆ ಎನ್ನುವುದನ್ನು ಮೊದಲು ಹೋಮುಗಳೇ ಹೇಳುತ್ತಿದ್ದವು. ಬಾಯಿಮಾತು ಸಾಲದೆಂದು 2016ರಿಂದ ಸಂಬಳದ ಪಟ್ಟಿಯನ್ನೇ ಕೊಡಬೇಕೆಂದಾಯಿತು. ನಮ್ಮ ಊರಿನ ಮಟ್ಟಿಗೆ ಇದರಿಂದ ಕಲಿಯಬೇಕಾದ್ದು ಇಷ್ಟು: ಚಾರ್ಟು ಕೇಳಬೇಡಿ, ಹಾಜರಿ ಪುಸ್ತಕ ಕೇಳಿ. ಸಾಧ್ಯವಾದರೆ ರಾತ್ರಿ ಒಂಬತ್ತರ ಮೇಲೆ ಹೇಳದೆ ಹೋಗಿ. ‘ರಾತ್ರಿ ಭೇಟಿಗೆ ಅವಕಾಶವಿಲ್ಲ, ಹಿರಿಯರ ನಿದ್ದೆ ಕೆಡುತ್ತದೆ’ ಎಂದರೆ ಆ ಉತ್ತರಕ್ಕೂ ಅಂಕ ಹಾಕಿಕೊಳ್ಳಿ.

ಕನ್ನಡದವರಿಗೆ ಇಲ್ಲಿ ಇನ್ನೊಂದು ಅಳತೆ ಬೇಕು, ಅದನ್ನು ಯಾವ ನಕ್ಷತ್ರವೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಲವತ್ತು ವರ್ಷ ಪುಣೆಯಲ್ಲಿದ್ದು, ಮಂಡಿಯಲ್ಲಿ ಚೌಕಾಶಿಯನ್ನೂ ಮರಾಠಿಯಲ್ಲೇ ಮಾಡಿದ ಧಾರವಾಡದ ಕಡೆಯ ಅಜ್ಜಿಗೆ ಮರೆವಿನ ಕಾಯಿಲೆ ಬಂದರೆ, ಆಮೇಲೆ ಕಲಿತ ಮರಾಠಿ ಮೊದಲು ಹೋಗುವುದುಂಟು. ನಾನು ಬಲ್ಲ ಒಬ್ಬರು ಇಡೀ ರಾತ್ರಿ ‘ಹೊರಳಸ್ರವ್ವಾ, ಬೆನ್ನ ಉರೀತೈತಿ’ ಎಂದು ಕೂಗುತ್ತಿದ್ದರು. ಮಾವಶಿಗೆ ಅದು ಬರೀ ಕೂಗು. ಕಡತದಲ್ಲಿ ‘ರಾತ್ರಿ ಗಲಾಟೆ, ಸಹಕರಿಸುವುದಿಲ್ಲ’ ಎಂದು ಬಿತ್ತು; ಕ್ವೆಟಿಯಾಪಿನ್ ಎಂಬ ಮನೋರೋಗದ ಮಾತ್ರೆ ಶುರುವಾಯಿತು. ಅಜ್ಜಿ ಶಾಂತರಾದರು, ಊಟದಲ್ಲೂ ತೂಕಡಿಸತೊಡಗಿದರು. ಮರೆವಿನ ಕಾಯಿಲೆಯ ಹಿರಿಯರಿಗೆ ಈ ಬಗೆಯ ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ. ಕೆಲವರಿಗೆ ಅವು ಬೇಕೇ ಆಗಬಹುದು, ಡಾಕ್ಟರು ತೂಗಿ ನೋಡಿ ಕೊಡಬೇಕಾದದ್ದು. ಆದರೆ ಬೆನ್ನುರಿಗೆ ಅದು ಮದ್ದಲ್ಲ.

ಕೆಲ ತಿಂಗಳ ಮೇಲೆ ಆ ಅಜ್ಜಿಯಿದ್ದ ಕೇಂದ್ರಕ್ಕೆ ಅಕ್ಕಲಕೋಟೆಯ ಕಡೆಯ ಒಬ್ಬ ಮಾವಶಿ ಬಂದರು. ಸೊಲ್ಲಾಪುರ ಜಿಲ್ಲೆಯ ಆ ಭಾಗದ ಹಲವರಿಗೆ ಕನ್ನಡ ಮನೆಮಾತು. ‘ಯಾಕಬೇ ಆಯಿ, ಎಲ್ಲಿ ಉರೀತೈತಿ?’ ಎಂದು ಅವರು ಕೇಳಿದ ಮೇಲೆ ಹುಣ್ಣು ಸಿಕ್ಕಿತು, ಡಾಕ್ಟರು ಮಾತ್ರೆ ಇಳಿಸಿದರು. ಆ ಮಾವಶಿಯನ್ನು ಅಲ್ಲಿಗೆ ತಂದದ್ದು ಯಾರ ಯೋಜನೆಯೂ ಅಲ್ಲ, ಮಾವಶಿಯರನ್ನು ಒದಗಿಸುವ ಬ್ಯೂರೋದವರು ಕಳಿಸಿದ್ದರು. ಹೆಚ್ಚು ಸಂಬಳ ಸಿಕ್ಕಿದೊಡನೆ ಅವರು ಬೇರೆ ಕಡೆಗೆ ಹೋದರು, ತಪ್ಪೇನಿಲ್ಲ. ಕೇಂದ್ರದವರನ್ನು ಕೇಳಬೇಕಾದ ಬಹು ಮುಖ್ಯ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ: ಇಲ್ಲಿನ ಮಾವಶಿಯರು ಎಷ್ಟು ಕಾಲದಿಂದ ಇದ್ದಾರೆ, ಅವರ ಕೈಗೆ ಎಷ್ಟು ಸೇರುತ್ತದೆ, ಬ್ಯೂರೋ ಎಷ್ಟು ಮುರಿದುಕೊಳ್ಳುತ್ತದೆ? ತಿಂಗಳಿಗೊಂದು ಹೊಸ ಮುಖ ಕಂಡರೆ ಅಜ್ಜಿಯ ಗೊಣಗು ಯಾರಿಗೂ ಅರ್ಥವಾಗುವುದಿಲ್ಲ, ಭಾಷೆ ಯಾವುದೇ ಇರಲಿ.

ಸರ್ಕಾರ ಎಲ್ಲಿದೆ ಎಂದರೆ, ಚದುರಿದಂತೆ ಅಲ್ಲಲ್ಲಿ ಇದೆ. 1949ರ ಮುಂಬಯಿ ನರ್ಸಿಂಗ್ ಹೋಮ್ಸ್ ನೋಂದಣಿ ಕಾಯ್ದೆ ಇಂದಿಗೂ ಮಹಾರಾಷ್ಟ್ರದಲ್ಲಿದೆ. ಅದರ ವ್ಯಾಖ್ಯೆಯಲ್ಲಿ ಕಾಯಿಲೆ, ಗಾಯದ ಜೊತೆ ಅಶಕ್ತತೆಯೂ ಸೇರಿದೆ. ಆದರೆ ಅದರ ಗಮನವೆಲ್ಲ ಹೆರಿಗೆ, ಆಪರೇಷನ್ ಮಾಡುವ ಸಣ್ಣ ಆಸ್ಪತ್ರೆಗಳ ಕಡೆಗೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 19ನೆಯ ಕಲಮು ಜಿಲ್ಲೆಗೊಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮದ ಮಾತಾಡುತ್ತದೆ. ಹಣ ಕೊಟ್ಟು ಸೇರುವ ಬಂಗಲೆಗಳ ಮಾತೆತ್ತುವುದಿಲ್ಲ. ಅವುಗಳಿಗೂ ನೋಂದಣಿ, ಕನಿಷ್ಠ ಮಟ್ಟ ಬೇಕೆಂದು 2019ರಲ್ಲಿ ತಂದ ತಿದ್ದುಪಡಿ ಮಸೂದೆ, 17ನೆಯ ಲೋಕಸಭೆ ಮುಗಿದಾಗ ತಾನೂ ಮುಗಿಯಿತು. ತೊಂದರೆಯಾದರೆ ಹಿರಿಯರ ಸಹಾಯವಾಣಿ 14567 ಇದೆ, ಕರೆ ಮಾಡಬಹುದು. ಮಾತ್ರೆ ತಿಂದು ತೂಕಡಿಸುತ್ತಿರುವವರು ಕರೆ ಮಾಡುವುದು ಹೇಗೆ ಎಂಬುದು ಬೇರೆ ಮಾತು.

ನಾನು ನೋಡಿದವುಗಳಲ್ಲಿ ಹೆಚ್ಚು ಅಂಕ ಕೊಡುವುದು ಧಾಯರಿ ಕಡೆಯ ಒಂದು ಹಳೆ ಬಂಗಲೆಗೆ. ಸುಣ್ಣ ಕಿತ್ತಿದೆ, ತೋಟವಿಲ್ಲ, ಭಜನೆಯೂ ಇಲ್ಲ. ಆದರೆ ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರದ ಮೇಲೆಲ್ಲ ಹೆಸರಿನ ಚೀಟಿ ಅಂಟಿಸಿದ್ದಾರೆ. ಲೋಟಗಳು ಕೈಗೆ ಸಿಗುತ್ತವೆ. ಕೇಳಿದೊಡನೆ ನಡೆಸುವವರು ಒಂದು ನೋಟ್‌ಬುಕ್ ತಂದು ಮುಂದಿಟ್ಟರು: ಯಾರು, ಯಾವಾಗ, ಎಲ್ಲಿ ಬಿದ್ದರು, ಆಮೇಲೆ ಏನು ಬದಲಿಸಿದೆವು. ‘ನಮ್ಮಲ್ಲಿ ಯಾರೂ ಬೀಳುವುದೇ ಇಲ್ಲ’ ಎಂದ ಕೇಂದ್ರಗಳಿಗಿಂತ ನಾನು ಆ ನೋಟ್‌ಬುಕ್ಕನ್ನು ನಂಬುತ್ತೇನೆ. ಅಲ್ಲೂ ಒಂದು ಕೊರತೆ ಇದೆ, ರಾತ್ರಿಗೆ ಒಬ್ಬರೇ ಮಾವಶಿ. ಇನ್ನೊಬ್ಬರನ್ನು ಇಡಬಾರದೇ ಎಂದರೆ, ತಿಂಗಳ ಶುಲ್ಕ ಏರಿಸಬೇಕಾಗುತ್ತದೆ, ಮಕ್ಕಳನ್ನು ಕೇಳಿ ನೋಡಿದೆ, ಒಪ್ಪಲಿಲ್ಲ ಎಂದರು. ಮೊಬೈಲ್‌ನಲ್ಲಿ ನೋಡುವಂಥ ಸಿಸಿಟಿವಿ ಹಾಕಿಸಲು ಹಿಂದಿನ ವರ್ಷ ಏರಿಸಿದಾಗ ಒಬ್ಬರೂ ತಕರಾರು ಮಾಡಿರಲಿಲ್ಲವಂತೆ.