ವೆಂಕಟಪ್ಪನವರ ಗಿರಿಚಿತ್ರಗಳು

ಬೆಟ್ಟ, ಕಾಡು, ಮೇಘ ಇವು ರಸಕ್ಕೆ ಉದ್ದೀಪನಗಳು ಮಾತ್ರ. ಆಲಂಬನಕ್ಕೆ ನಾಯಕನೋ ನಾಯಿಕೆಯೋ ಬೇಕೆಂದು ಪಾಠಶಾಲೆಯಲ್ಲಿ ನಮಗೆ ಬೋಧಿಸಿದ್ದರು. ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರ (1886–1965) ಉದಕಮಂಡಲದ ಜಲವರ್ಣಚಿತ್ರಗಳ ಮುಂದೆ ಈ ನಿಯಮವು ನಿಲ್ಲಲಾರದು.

ಇವರು ಕಲಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಿಗೆ ಶಿಷ್ಯರಾಗಿದ್ದವರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥಾಗ್ರಂಥದಲ್ಲಿ (1913) ಇವರ ರಾಮಾಯಣಚಿತ್ರಗಳಿವೆ. ಅಲ್ಲಿ ಕಾಣುವುದು ಬಹುಮಟ್ಟಿಗೆ ಗುರುವಿನ ಕೈ. 1920ರ ದಶಕದಲ್ಲಿ ನೀಲಗಿರಿಯನ್ನು ಕುರಿತು ಬರೆದವುಗಳಲ್ಲಾದರೋ ರಾಮನಿಲ್ಲ, ಸೀತೆಯಿಲ್ಲ. ಮಂಜು, ಮರ, ಇಳಿಜಾರು, ಅವುಗಳ ಮೇಲೆ ಸುಳಿಯುವ ಬೆಳಕು, ಇಷ್ಟೇ. ಆದರೂ ಮನಸ್ಸು ಶಾಂತದಲ್ಲಿ ನೆಲೆಗೊಳ್ಳುತ್ತದೆ. ಇಲ್ಲಿ ಬೆಟ್ಟವೇ ಆಲಂಬನ. ಆಷಾಢದಲ್ಲಿ ಹಾನಗಲ್ಲಿನ ಆನೆಕೆರೆಯ ಬಳಿ ನಿಂತು, ಮಲೆನಾಡಿನ ಕಡೆಯಿಂದ ಮೋಡವೇರುವುದನ್ನು ಕಂಡ ನಮ್ಮವರಿಗೆ ಈ ಅನುಭವವು ಹೊಸತಲ್ಲ. ಅದನ್ನು ರಸವೆಂದು ಕರೆಯುವ ಧೈರ್ಯ ನಮಗಿರಲಿಲ್ಲ, ಅಷ್ಟೆ.

ಕೆಲವೆಡೆ ಸೂಕ್ಷ್ಮತೆಯು ಅತಿಯಾಗಿ, ಎಲೆಯನ್ನು ಎಣಿಸುವ ಭರದಲ್ಲಿ ಗಾಳಿಯು ನಿಂತುಹೋದಂತೆ ತೋರುವುದುಂಟು. ಅದಕ್ಕಿಂತಲೂ ನನಗೆ ದೊಡ್ಡದಾಗಿ ಕಾಣುವ ಕೊರತೆ ಬೇರೆ. ಏಕಾಂತಪ್ರಿಯರಾದ ಇವರು, ತಾವು ಕಂಡುದನ್ನು ಕಲಿಸಲು ತಮ್ಮದೊಂದು ಕಲಾಶಾಲೆಯನ್ನು ಕಟ್ಟಲಿಲ್ಲ. ನಮ್ಮ ಹುಡುಗರು ಚಿತ್ರಕಲೆಯ ತಾಸಿನಲ್ಲಿ ಇಂದಿಗೂ ಮೂರು ತ್ರಿಕೋನಗಳನ್ನು ಗೀಚಿ, ನಡುವೆ ಸೂರ್ಯನನ್ನು ಸಿಕ್ಕಿಸಿ, ಇದು ಬೆಟ್ಟವೆನ್ನುತ್ತಾರೆ.