ಬಂಗಾರಕ್ಕನ ಬಾಯಿಮಾತು

2025ರಲ್ಲಿ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ನಮಗೆಲ್ಲ ಹೆಮ್ಮೆಯೆನಿಸಿತು. ಆಗ ತೊಂಬತ್ತಾರರ ಪ್ರಾಯದ ಈ ಅಜ್ಜಿ ತೊಗಲುಗೊಂಬೆ ಕುಣಿಸುತ್ತ ರಾಮಾಯಣ, ಮಹಾಭಾರತ ಹೇಳಿಕೊಂಡು ಬಂದವರು. ಶಾಲು, ಹಾರ ಎಲ್ಲ ಸರಿ. ಆದರೆ ಈ ಆಟವನ್ನು ಕಲೆಯೆಂದು ತೂಗಿ ನೋಡುವವರು ಕಡಿಮೆ. ‘ಹಳೆಯದು, ಉಳಿಸಬೇಕು’ ಎಂದು ಹೇಳಿ ಎದ್ದುಬಿಡುತ್ತೇವೆ.

ಚಿತ್ರದ ಮಾತು ಮೊದಲು ಹೇಳುತ್ತೇನೆ. ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದಮಾಡಿ, ಬಣ್ಣ ಹಚ್ಚಿ, ಒಡವೆ, ಸೀರೆಯ ಅಂಚುಗಳಿಗೆ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ಪರದೆಯ ಹಿಂದೆ ದೀಪ ಹಚ್ಚಿದಾಗ ಆ ತೂತುಗಳೇ ಮುತ್ತುಗಳಾಗುತ್ತವೆ. ಅರಸರು, ದೇವರು ದೊಡ್ಡ ಗೊಂಬೆ. ಆಳುಕಾಳು ಚಿಕ್ಕ ಗೊಂಬೆ. ಯಾರ ಸ್ಥಾನ ಎಂಥದೆಂದು ಬಾಯಿಬಿಟ್ಟು ಹೇಳಬೇಕಿಲ್ಲ. ಇಲ್ಲಿ ಅಂದವೂ ಕಥೆಯ ಕೆಲಸ ಮಾಡುತ್ತದೆ.

ಇನ್ನು ಕಿಳ್ಳೇಕ್ಯಾತ. ಕರ್ರಗಿನ, ವಿಕಾರ ರೂಪದ ಈ ಹಾಸ್ಯಗಾರ ತನ್ನ ಹೆಂಡತಿ ಬಂಗಾರಕ್ಕನೊಡನೆ ಪರದೆಗೆ ಬಂದರೆ ಪೋಲಿ ಮಾತಿಗೆ ಲಂಗುಲಗಾಮಿಲ್ಲ. ಇದಕ್ಕೇ ಮನೆಯ ಹೆಣ್ಣುಮಕ್ಕಳು ಮುಖ ತಿರುಗಿಸುವುದು. ಮಕ್ಕಳ ಮುಂದೆ ಆ ಮಾತು ಬೇಡವೆಂದು ಶಿಕ್ಷಕಿಯಾಗಿ ನಾನೂ ಹೇಳುತ್ತೇನೆ. ಆದರೆ ಬೆಳೆದವರ ಆಟದಿಂದಲೂ ಅವನನ್ನು ಓಡಿಸಿದರೆ ಉಳಿಯುವುದು ಉಪ್ಪಿಲ್ಲದ ಅಡುಗೆ. ದೇವರ, ಅರಸರ ಕಥೆಯ ನಡುವೆ ಹೊಟ್ಟೆ, ಹಸಿವು, ಹಾಸಿಗೆಯ ಮಾತಾಡುವ ಬಡವ ಅವನೊಬ್ಬನೇ.

ಈಗ ಪೋಲಿ ಚಿತ್ರ ನೋಡಲು ಜಾತ್ರೆಗೆ ಹೋಗಬೇಕಾಗಿಲ್ಲ, ಮನೆಯ ಹುಡುಗರ ಮೊಬೈಲಿನಲ್ಲೇ ಇದೆ. ಜಪಾನಿನಲ್ಲಿ ಬೆಳೆದ ‘ವಿಶುವಲ್ ನಾವೆಲ್’ ಎಂಬ ಕಂಪ್ಯೂಟರ್ ಆಟಗಳನ್ನು ತೆಗೆದುಕೊಳ್ಳಿ. ನಿಂತ ಚಿತ್ರ, ಅದರ ಕೆಳಗೆ ಮಾತು. ಕಥೆ ಮುಂದೆ ಯಾವ ದಾರಿ ಹಿಡಿಯಬೇಕೆಂದು ಆಡುವವನೇ ಆರಿಸುತ್ತಾನೆ. ವಿಧಾನದಲ್ಲಿ ನಮ್ಮ ಗೊಂಬೆಯಾಟದ ದೂರದ ನೆಂಟ. ಎಲ್ಲವೂ ಅಶ್ಲೀಲವಲ್ಲ, ಗಂಭೀರ ಕಥೆಗಳೂ ಉಂಟು. ವಯಸ್ಕರಿಗೆಂದೇ ಮಾಡಿದ ಕೆಲವನ್ನು ಆ ದೃಶ್ಯಗಳನ್ನು ಕತ್ತರಿಸಿ ಎಲ್ಲರಿಗಾಗಿ ಮತ್ತೊಮ್ಮೆ ಬಿಡುಗಡೆ ಮಾಡುವುದುಂಟು. ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇಡ. ಕತ್ತರಿಸಿದ ಮೇಲೂ ಕಥೆಗೆ ಏನೂ ಊನವಾಗದಿದ್ದರೆ ಆ ದೃಶ್ಯಗಳು ಮೇಲೆ ಅಂಟಿಸಿದ ತೇಪೆ. ಅಂಥ ಕಡೆ ಹೆಣ್ಣಿನ ಚಿತ್ರವನ್ನು ಎಷ್ಟೇ ನುಣುಪಾಗಿ ಬರೆದಿರಲಿ, ಅವಳು ಆಡುವವನಿಗೆ ಕೊಟ್ಟ ಬಹುಮಾನದ ಬಟ್ಟಲಷ್ಟೇ.

ಹಾಗೆಂದು ನಮ್ಮದೆಲ್ಲ ಚಿನ್ನ ಎನ್ನಲಾರೆ. ಬಂಗಾರಕ್ಕ ಗಂಡನಿಗೆ ಸರಿಯಾಗಿ ತಿರುಗೇಟು ಕೊಟ್ಟಾಗ ಅದು ಹಾಸ್ಯ. ಅವಳ ಬಾಯಿ ಕಟ್ಟಿ ಅವಳ ಮೈಯನ್ನಷ್ಟೇ ನಗೆಗೆ ಗುರಿಮಾಡಿದರೆ ಅದೂ ಬಹುಮಾನದ ಬಟ್ಟಲೇ, ಜಪಾನಿನ ಬದಲು ಜಾನಪದದ್ದು ಅಷ್ಟೆ. ಪರದೆಯ ಹಿಂದೆ ಭೀಮವ್ವನಂಥ ಹೆಣ್ಣು ಕುಳಿತು ಕಥೆ ಹೇಳುವುದು ನನಗೆ ದೊಡ್ಡದಾಗಿ ಕಾಣುವುದು ಇದಕ್ಕೇ. ಸೀತೆ, ದ್ರೌಪದಿಯರ ಮಾತು ಅಲ್ಲಿ ಹೆಣ್ಣಿನ ದನಿಯಲ್ಲೇ ಬರುತ್ತದೆ.

ಈ ಕಲೆ ಹೊಸ ಕಥೆಯನ್ನೂ ತಾಳಬಲ್ಲದು. 2023ರಲ್ಲಿ ತೀರಿಕೊಂಡ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯಲ್ಲೇ ಗಾಂಧೀಜಿಯ ಕಥೆ ಹೇಳಿ ತೋರಿಸಿದರು. ಇಂದಿನ ಹೆಣ್ಣಿನ ಕಥೆಯನ್ನೂ, ಬೆಳೆದವರಿಗೆ ತಕ್ಕ ಮಾತಿನಲ್ಲಿ, ಯಾರಾದರೂ ಹೇಳಲಿ.

ನಿಮ್ಮೂರಿಗೆ ಗೊಂಬೆಯಾಟ ಬಂದರೆ, ಅಕ್ಕತಂಗಿಯರೇ, ಕಿಳ್ಳೇಕ್ಯಾತ ಬಂದನೆಂದು ಸೆರಗು ಮುಚ್ಚಿಕೊಂಡು ಎದ್ದು ಬರಬೇಡಿ. ಬಂಗಾರಕ್ಕ ಏನು ಉತ್ತರ ಕೊಡುತ್ತಾಳೆ, ಕೇಳಿಯೇ ಬನ್ನಿ. ಉತ್ತರ ಬಾರದಿದ್ದರೆ ಆಟ ಮುಗಿದ ಮೇಲೆ ಕಲಾವಿದರನ್ನು ಕಂಡು ‘ಆಕೆಗೂ ನಾಲ್ಕು ಮಾತು ಕೊಡ್ರಿ’ ಎಂದು ಹೇಳಿ ಬನ್ನಿ.