ಇಂಗ್ಲಿಷಿನ ಪಾಠ ಮತ್ತು ಮನೆಯ ನುಡಿ

ಹೊಸಪೇಟೆಗೂ ತೋರಣಗಲ್ಲಿಗೂ ನಡುವೆ ಇರುವ ಗಾದಿಗನೂರಿನಂತಹ ಊರಿಗೆ ಇಂಗ್ಲಿಷ್ ಎನ್ನುವುದು ದೂರದ ಮಾತಲ್ಲ. ಒಂದು ಕಡೆ ಉಕ್ಕಿನ ಕಾರ್ಖಾನೆ, ಇನ್ನೊಂದು ಕಡೆ ಹಂಪಿಯ ಪ್ರವಾಸಿಗಳು. ಕೂಲಿ ಮಾಡುವ ತಾಯಿ ಸಾಲ ತೆಗೆದಾದರೂ ಮಗುವನ್ನು ಕಾನ್ವೆಂಟಿನ ವ್ಯಾನು ಹತ್ತಿಸಲು ಹವಣಿಸುವುದು ಇದಕ್ಕೇ. ಈ ಆಸೆಯನ್ನು ವ್ಯಾಮೋಹವೆಂದು ಜರೆಯುವವರು ತಮ್ಮ ಮಕ್ಕಳನ್ನು ಎಲ್ಲಿ ಓದಿಸಿದ್ದಾರೆ ಎಂದು ನಾವು ಕೇಳಬಹುದು. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ಈ ಆಸೆಗೆ ಸರ್ಕಾರಿ ಶಾಲೆ ಕೊಟ್ಟಿರುವುದೇನು?

ಕರ್ನಾಟಕದಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. 2014ರಲ್ಲಿ ಸುಪ್ರೀಂ ಕೋರ್ಟು, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. 2019-20ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯುವ ಯೋಜನೆ ಬಂತು. 2019ರ ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಚಂದ್ರಶೇಖರ ಕಂಬಾರರು ಅದನ್ನು ವಿರೋಧಿಸಿದರು. ವಾದವೆಲ್ಲ ಶಾಲೆಯ ಬೋರ್ಡಿನ ಸುತ್ತಲೇ ನಡೆಯಿತು. ಕನ್ನಡ ಮಾಧ್ಯಮದಲ್ಲೇ ಓದಿ ಬಂದ ಮೇಷ್ಟ್ರಿಗೆ ತರಬೇತಿ ಕೊಟ್ಟು ಹೊಸ ತರಗತಿಗೆ ನಿಲ್ಲಿಸಿದರೆ ಸಾಕೇ, ಮಗು ಅಲ್ಲಿ ಏನು ತಿಳಿದುಕೊಳ್ಳುತ್ತದೆ ಎಂಬುದರ ಬಗ್ಗೆ ಎರಡೂ ಪಕ್ಷದವರು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ನಮ್ಮ ಈ ಭಾಗದ ತರಗತಿಯಲ್ಲಿ ಇರುವುದು ಎರಡೇ ಭಾಷೆಯಲ್ಲ. ದಖನಿ ಉರ್ದುವಿನ ಮನೆಯಿಂದ, ಲಂಬಾಣಿ ತಾಂಡಾದಿಂದ, ತೆಲುಗು ಮಾತಾಡುವ ಮನೆಯಿಂದ ಮಕ್ಕಳು ಬರುತ್ತಾರೆ. ಇವರಿಗೆ ಕನ್ನಡವೇ ಎರಡನೆಯ ನುಡಿ, ಇಂಗ್ಲಿಷ್ ಮೂರನೆಯದು. ಉರ್ದು ಶಾಲೆಯಲ್ಲಿ ಏಳನೆಯವರೆಗೆ ಓದಿದ ಹುಡುಗಿಗೆ ಹತ್ತಿರದಲ್ಲಿ ಉರ್ದು ಪ್ರೌಢಶಾಲೆ ಇಲ್ಲದಿದ್ದರೆ ಎಂಟಕ್ಕೆ ಕನ್ನಡ ಮಾಧ್ಯಮವೇ ಗತಿ. ವಿಜ್ಞಾನ, ಗಣಿತ, ಸಮಾಜ ಎಲ್ಲವೂ ಒಮ್ಮೆಲೇ ಅಪರಿಚಿತವಾಗುತ್ತವೆ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತವಳು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದರೆ ಓದು ಅಲ್ಲಿಗೇ ನಿಲ್ಲುತ್ತದೆ, ಮದುವೆಯ ಮಾತು ಶುರುವಾಗುತ್ತದೆ. ಆಮೇಲೆ ನಾವು 'ಈ ಸಮುದಾಯದವರಿಗೆ ಓದಿನಲ್ಲಿ ಆಸಕ್ತಿಯಿಲ್ಲ' ಎಂದು ತೀರ್ಪು ಕೊಡುತ್ತೇವೆ!

ಮನೆಯ ನುಡಿ ಇಂಗ್ಲಿಷಿಗೆ ಅಡ್ಡಿ ಎಂದು ತಿಳಿದಿರುವುದೇ ಮೂಲ ದೋಷ. ನಿಜದಲ್ಲಿ ಅದು ಏಣಿ. 'ನಾನು ಶಾಲೆಗೆ ಹೋಗುತ್ತೇನೆ' ಎಂಬಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಗೆ' ಎಂಬುದು ಶಾಲೆಯ ಬೆನ್ನಿಗೆ ಅಂಟಿಕೊಳ್ಳುತ್ತದೆ. ದಖನಿಯ 'ಮೈಂ ಇಸ್ಕೂಲ್‌ಕು ಜಾತೂಂ' ಎಂಬುದರ ನಡಿಗೆಯೂ ಅದೇ. 'ಐ ಗೋ ಟು ಸ್ಕೂಲ್' ಎನ್ನುವಾಗ ಕ್ರಿಯಾಪದ ನಡುವೆ ಬರುತ್ತದೆ, 'ಟು' ಶಾಲೆಯ ಮುಂದೆ ನಿಲ್ಲುತ್ತದೆ. ಈ ಮೂರನ್ನೂ ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಿದರೆ ಮಗು ತಪ್ಪುವುದು ಎಲ್ಲಿ, ಯಾಕೆ ಎಂಬುದು ಅದಕ್ಕೇ ಹೊಳೆಯುತ್ತದೆ. ಬದಲಿಗೆ ನಡೆಯುತ್ತಿರುವುದೇನು? ಗೈಡಿನ ಉತ್ತರವನ್ನು ಉರು ಹೊಡೆಸುವುದು. ಮಗು ಇಂಗ್ಲಿಷಿನಲ್ಲಿ ಪಾಸಾಗುತ್ತದೆ, ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯಲಾರದು.

1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಸ್ಯಾನ್‌ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪ್ರಕರಣವೊಂದು ಬಂದಿತ್ತು. ಇಂಗ್ಲಿಷ್ ತಿಳಿಯದ ಮಕ್ಕಳಿಗೆ ಎಲ್ಲರಿಗೂ ಕೊಡುವ ಪುಸ್ತಕವನ್ನೇ, ಮೇಷ್ಟ್ರನ್ನೇ ಕೊಟ್ಟ ಮಾತ್ರಕ್ಕೆ ಅದು ಸಮಾನತೆಯಾಗದು ಎಂದು ನ್ಯಾಯಾಲಯ ಹೇಳಿತು. ನಮ್ಮಲ್ಲೂ ಸಂವಿಧಾನದ 350ಎ ವಿಧಿ ಇದೆ, ಮನೆಮಾತನ್ನು ಮನ್ನಿಸುವ 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ಬಹುಭಾಷಿಕತೆಯನ್ನು ತರಗತಿಯ ಸಂಪತ್ತೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒಪ್ಪಿದೆ. ಕಾಗದದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ.

ಕನ್ನಡವನ್ನು ಬಿಟ್ಟು ಇಂಗ್ಲಿಷ್ ತನ್ನಿ ಎಂದು ನಾವು ಹೇಳುತ್ತಿಲ್ಲ. ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಬಲ್ಲ ಒಬ್ಬ ಶಿಕ್ಷಕರನ್ನು ಪ್ರತಿ ಶಾಲೆಗೂ ಕೊಡಿ. ಮನೆಯ ಮಾತಾಡಿದ ಮಗುವಿನ ಬಾಯಿ ಮುಚ್ಚಿಸಬೇಡಿ. ಮಾಧ್ಯಮ ಬದಲಿಸಿ ಎಂಟನೆಯ ತರಗತಿಗೆ ಬರುವ ಮಕ್ಕಳಿಗೆ ಮೊದಲ ಕೆಲವು ತಿಂಗಳು ಪ್ರತ್ಯೇಕ ಸೇತುಬಂಧ ಪಾಠ ನಡೆಸಿ. ಇದಕ್ಕೆ ಹೊಸ ಬೋರ್ಡು ಬೇಕಿಲ್ಲ. ಹಿಂದಿನ ಬೆಂಚಿನ ಹುಡುಗಿ ತನ್ನ ನುಡಿಯಲ್ಲಿ ಒಂದು ಪ್ರಶ್ನೆ ಕೇಳುವಂತಾದರೆ, ಇಂಗ್ಲಿಷಿನ ಪಾಠ ಅಲ್ಲಿಂದಲೇ ಶುರುವಾಗುತ್ತದೆ.